ಕೆಂಪೇರುವ ಮುಖ, ನೋಡುವವರ ನಾಲಿಗೆ



ಕಳೆದ ವಾರ ನನ್ನ ತಂಗಿಯ ಮಗಳು ಶಿರ್ವದ ಮನೆಗೆ ಬಂದಿದ್ದಳು. ಕೆಲಸದ ಸಂದರ್ಶನಕ್ಕೆ ಕರೆ ಬಂದಿದ್ದರೂ ಮುಖದಲ್ಲಿ ಗೆಲುವಿರಲಿಲ್ಲ. "ನಾಲ್ಕು ಜನರೆದುರು ಬಾಯಿ ತೆರೆದರೆ ಮುಖವೆಲ್ಲ ಕೆಂಪಾಗುತ್ತದೆ ಮಾವ. ಅದಕ್ಕೆ ಆಪರೇಷನ್ ಇದೆಯಂತೆ, ಮಾಡಿಸಲೇ?" ಎಂದು ಕೇಳಿದಳು. ಒಡನೆ ಉತ್ತರಿಸಲಾಗಲಿಲ್ಲ. ನನ್ನದೇ ಹಳೆಯ ತಪ್ಪೊಂದು ನೆನಪಾಯಿತು.

ಒಂಬತ್ತನೆಯ ತರಗತಿಯಲ್ಲಿ ಹುಡುಗನೊಬ್ಬ ಪದ್ಯ ಓದಲು ಎದ್ದು ನಿಂತಾಗ ಅವನ ಕೆನ್ನೆ, ಕಿವಿಗಳು ಕೆಂಪಾದವು. "ಏನಯ್ಯಾ, ದಾಸವಾಳ ಅರಳಿತಲ್ಲ!" ಎಂದೆ. ತರಗತಿಯೆಲ್ಲ ನಕ್ಕಿತು. ಅಡ್ಡಹೆಸರು ಅವನಿಗೆ ಅಂಟಿಕೊಂಡಿತು. ಆ ವರ್ಷ ಅವನು ಮತ್ತೆ ಗಟ್ಟಿಯಾಗಿ ಓದಲೇ ಇಲ್ಲ. ಬಿ.ಎಡ್. ಓದಿ ಪಾಠಯೋಜನೆ ಬರೆಯಲು ಬಲ್ಲವನಾಗಿದ್ದ ನನಗೆ ಎಲ್ಲಿ ಸುಮ್ಮನಿರಬೇಕೆಂಬುದು ತಿಳಿದಿರಲಿಲ್ಲ.

ಮುಖ ಕೆಂಪೇರುವುದು ಇಚ್ಛೆಗೆ ಒಳಪಟ್ಟದ್ದಲ್ಲ. ಮನಸ್ಸು ಕಲಕಿದಾಗ ನಮ್ಮ ಅಂಕೆಗೆ ಸಿಗದ ನರಗಳು ಮುಖದ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳಲ್ಲಿ ಬೆವರು, ನಡುಕ, ಕಣ್ಣೀರುಗಳ ಜೊತೆಗೆ ವೈವರ್ಣ್ಯವನ್ನೂ, ಅಂದರೆ ಮುಖದ ಬಣ್ಣಗೆಡುವುದನ್ನೂ, ಎಣಿಸಿದೆ. ಭಾವಾಭಿವ್ಯಕ್ತಿಯನ್ನು ಕುರಿತ 1872ರ ಗ್ರಂಥದಲ್ಲಿ ಡಾರ್ವಿನ್ ಈ ಕೆಂಪಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಕಪ್ಪು ಮೈಬಣ್ಣದವರಲ್ಲಿ ಅದು ಎದ್ದು ಕಾಣದಿರಬಹುದು. ಒಳಗಿನ ಬಿಸಿ ಮಾತ್ರ ಅಷ್ಟೇ ಇರುತ್ತದೆ.

ತೊಡಕಿರುವುದು ಕೆಂಪಿನಲ್ಲಲ್ಲ, ಅದರ ಭಯದಲ್ಲಿ. 'ಈಗ ಕೆಂಪಾಗುತ್ತೇನೆ' ಎಂಬ ಅಂಜಿಕೆಯೇ ಕೆಂಪನ್ನು ಕರೆತರುತ್ತದೆ. ಆದುದರಿಂದ ಅದನ್ನು ತಡೆಯಲು ಹೆಣಗದೆ ಬಂದರೆ ಬರಲಿ ಎಂದು ಬಿಡಬೇಕು; ಗಮನವನ್ನು ಮುಖದಿಂದ ತೆಗೆದು ಹೇಳಬೇಕಾದ ವಿಷಯದ ಮೇಲೆ, ಎದುರಿಗಿರುವವರ ಮಾತಿನ ಮೇಲೆ ಇಡುವ ಅಭ್ಯಾಸ ಮಾಡಬೇಕು. ಮನೋವೈದ್ಯರು, ಆಪ್ತಸಲಹೆಗಾರರು ಇದನ್ನು ಕ್ರಮವಾಗಿ ಕಲಿಸುತ್ತಾರೆ. ನಮ್ಮ ಹತ್ತಿರದ ಮಣಿಪಾಲದಲ್ಲೇ ಮನೋವೈದ್ಯಕೀಯ ವಿಭಾಗವಿದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಅಂಜಿಕೆಯಿಲ್ಲದೆಯೂ ಕೆಂಪೇರುತ್ತಿದ್ದರೆ, ಅಥವಾ ಕೆನ್ನೆ, ಮೂಗುಗಳ ಕೆಂಪು ಇಳಿಯದೇ ಉಳಿದರೆ ವೈದ್ಯರಿಗೆ ತೋರಿಸಬೇಕು. ಚರ್ಮದ ತೊಂದರೆ, ಮುಟ್ಟು ನಿಲ್ಲುವ ವಯಸ್ಸು, ರಕ್ತದೊತ್ತಡದ ಕೆಲವು ಮಾತ್ರೆಗಳು ಕಾರಣವಾಗಿರಬಹುದು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆಯನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವುದು ಸಲ್ಲದು. ಉಬ್ಬಸವಿರುವವರಿಗೆ ಅದು ಅಪಾಯ. ಇನ್ನು ಆಪರೇಷನ್: ಎದೆಯೊಳಗಿನ ನರವನ್ನು ಕತ್ತರಿಸುವ ಆ ಚಿಕಿತ್ಸೆಯ ಬಳಿಕ ಅನೇಕರಿಗೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ವಿಪರೀತ ಬೆವರು ಶುರುವಾಗುತ್ತದೆ. ಕತ್ತರಿಸಿದ್ದನ್ನು ಮೊದಲಿನಂತೆ ಮಾಡುವುದು ಸಾಧ್ಯವಿಲ್ಲವೆಂದೇ ತಿಳಿಯಬೇಕು. ಉಳಿದೆಲ್ಲ ದಾರಿಗಳೂ ಮುಗಿದ ಮೇಲಷ್ಟೇ ಅದರ ಯೋಚನೆ.

ಇಷ್ಟನ್ನು ಸೊಸೆಗೆ ಹೇಳಿದೆ. ನಾಲ್ಕು ದಿನ ಚಾವಡಿಯಲ್ಲಿ ನಮ್ಮೆಲ್ಲರೆದುರು ನಿಂತು ಅವಳು ಪತ್ರಿಕೆ ಓದಿದಳು. ಮುಖ ಕೆಂಪಾಯಿತು, ಮಾತು ನಿಲ್ಲಲಿಲ್ಲ. ನಾವು ಯಾರೂ ಆ ಕೆಂಪಿನ ಸುದ್ದಿ ಎತ್ತಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಈ ತೊಂದರೆಯ ಅರ್ಧ ಔಷಧ ನೋಡುವವರ ನಾಲಿಗೆಯಲ್ಲಿದೆ. ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರು, ತಂದೆತಾಯಿಯರು. ಮಗುವಿನ ಮುಖ ಕೆಂಪಾದರೆ ಕಂಡೂ ಕಾಣದಂತಿರಿ; ಅದರ ಮಾತು ಮುಗಿಯುವವರೆಗೆ ಕಾಯಿರಿ.

ಆ ಶಿಷ್ಯ ಇದನ್ನು ಓದುತ್ತಿದ್ದರೆ, ಅಂದು ತಪ್ಪಿದ್ದು ನಾನು. ಕ್ಷಮಿಸು ಮಗೂ.