ಮೇಜಿನ ಕೆಳಗಿನ ಮುಖ

ರಂಗಭೂಮಿಯ ಇತಿಹಾಸವನ್ನು ಹೇಳುವ ಪುಸ್ತಕಗಳಲ್ಲಿ ಯುರೋಪಿನ ಹಳೆಯ ಪ್ರಹಸನಗಳ ಕೆತ್ತನೆಚಿತ್ರಗಳು ಅಲ್ಲಲ್ಲಿ ಕಾಣಸಿಗುತ್ತವೆ. ಕೆಳಗೊಂದು ಸಾಲಿನ ವಿವರಣೆ ಇರುತ್ತದೆ, ಅಷ್ಟೇ. ವಿದ್ಯಾರ್ಥಿಗಳು ಅವನ್ನು ಛಾಯಾಚಿತ್ರವೆಂಬಂತೆ ನಂಬುತ್ತಾರೆ. ನಾವು ಅಧ್ಯಾಪಕರು ಅಲಂಕಾರವೆಂದು ಬಗೆದು ಪುಟ ತಿರುವುತ್ತೇವೆ. ಎರಡೂ ಸಲ್ಲದೆಂಬುದು ನನ್ನ ಅಭಿಪ್ರಾಯ. ನಾಟಕವನ್ನು ಓದಿದ ಒಬ್ಬ ಕಲಾವಿದ ಬರೆದ ವ್ಯಾಖ್ಯಾನವೆಂದೇ ಆ ಚಿತ್ರಗಳನ್ನು ಓದಬೇಕು. ವ್ಯಾಖ್ಯಾನಕಾರನನ್ನು ಪ್ರಶ್ನಿಸುವಂತೆ ಪ್ರಶ್ನಿಸಲೂಬೇಕು.

ಮೋಲಿಯೇರನ 'ತಾರ್ತುಫ್' ನಾಟಕವನ್ನೇ ನೋಡೋಣ. 1664ರಲ್ಲಿ ವರ್ಸೇಲ್ಸಿನಲ್ಲಿ ಮೊದಲು ಪ್ರದರ್ಶಿತವಾಗಿ ಒಡನೆಯೇ ನಿಷೇಧಕ್ಕೊಳಗಾದ ಈ ಪ್ರಹಸನಕ್ಕೆ ಸಾರ್ವಜನಿಕ ಪ್ರದರ್ಶನದ ಅನುಮತಿ ದೊರೆತದ್ದು 1669ರಲ್ಲಿ. ನಾಟಕಕಾರ ತೀರಿಕೊಂಡದ್ದು 1673ರಲ್ಲಿ. ಅವನ ಸಮಗ್ರ ಕೃತಿಗಳು 1682ರಲ್ಲಿ ಎಂಟು ಸಂಪುಟಗಳಾಗಿ ಅಚ್ಚಾದಾಗ ಬ್ರಿಸ್ಸಾರ್ ಎಂಬವನು ಚಿತ್ರಗಳನ್ನು ಬರೆದ; ಸೊವೆ ಎಂಬವನು ಅವನ್ನು ತಾಮ್ರದ ತಗಡಿನ ಮೇಲೆ ಕೆತ್ತಿದ. 'ತಾರ್ತುಫ್'ಗೆ ಆರಿಸಿಕೊಂಡದ್ದು ನಾಲ್ಕನೆಯ ಅಂಕದ ಮೇಜಿನ ದೃಶ್ಯ. ಮನೆಯ ಯಜಮಾನ ಓರ್ಗೋನ್ ಮೇಜಿನ ಕೆಳಗೆ ಅಡಗಿದ್ದಾನೆ. ಅವನು ದೇವರಂತೆ ಪೂಜಿಸುವ ಕಪಟ ಭಕ್ತ ತಾರ್ತುಫ್, ಅವನ ಹೆಂಡತಿ ಎಲ್ಮೀರಳಿಗೇ ಪ್ರೇಮ ನಿವೇದಿಸುತ್ತಿದ್ದಾನೆ. ಚಿತ್ರದಲ್ಲಿ ಮೂವರೂ ಕಾಣುತ್ತಾರೆ. ಮೇಜುಬಟ್ಟೆಯ ಕೆಳಗಿನಿಂದ ಓರ್ಗೋನನ ಮುಖ ಇಣುಕುತ್ತಿದೆ.

ನಾಟಕದ ಪಠ್ಯದಲ್ಲಿ ನಡೆಯುವುದೇ ಬೇರೆ. ಗಂಡ ಹೊರಬರಲೆಂದು ಎಲ್ಮೀರ ಕೆಮ್ಮುತ್ತಾಳೆ, ಅವನು ಬರುವುದಿಲ್ಲ. ಮತ್ತೆ ಕೆಮ್ಮುತ್ತಾಳೆ. ತಾರ್ತುಫ್ ಕಾಳಜಿಯಿಂದ ಜ್ಯೇಷ್ಠಮಧುವಿನ ತುಣುಕು ಬೇಕೇ ಎಂದು ಕೇಳುತ್ತಾನೆ! ಯಾರಾದರೂ ಇದ್ದಾರೆಯೇ ನೋಡಿ ಬರಲು ಅವನು ಹೊರಗೆ ಹೋದ ಮೇಲೆಯೇ ಓರ್ಗೋನ್ ಮೇಜಿನಡಿಯಿಂದ ಏಳುತ್ತಾನೆ. ಪ್ರೇಕ್ಷಕರ ನಗು ಹುಟ್ಟುವುದು ಆ ತಡದಲ್ಲಿ, ಆ ಮೌನದಲ್ಲಿ. ಇಷ್ಟಾದರೂ ಈ ಮನುಷ್ಯ ಏಕೆ ಏಳುತ್ತಿಲ್ಲ ಎಂಬ ಪ್ರಶ್ನೆ ನಗುವಿನ ಅಡಿಯಲ್ಲಿ ಚುಚ್ಚುತ್ತಿರುತ್ತದೆ. ತಾಮ್ರದ ತಗಡಿಗೆ ಕೆಮ್ಮನ್ನು ಕೆತ್ತಲು ಬರುವುದಿಲ್ಲ, ಕಾಯುವಿಕೆಯನ್ನೂ ಬರುವುದಿಲ್ಲ. ಆದ್ದರಿಂದ ಬ್ರಿಸ್ಸಾರ್ ರಂಗದ ಮೇಲೆ ಮರೆಯಾಗಿರಬೇಕಾದ ಮುಖವನ್ನು ನಮಗೆ ಮುಂಚಿತವಾಗಿಯೇ ತೋರಿಸಿದ. ಇದನ್ನು ದೋಷವೆನ್ನಲಾರೆ. ಸಂಪುಟಗಳನ್ನು ಸಿದ್ಧಪಡಿಸಿದವರಲ್ಲಿ ಒಬ್ಬನಾದ ಲಾ ಗ್ರಾಂಜ್ ಮೋಲಿಯೇರನ ತಂಡದ ನಟನೇ ಆಗಿದ್ದ. ರಂಗದ ನೆನಪು ಚಿತ್ರಗಳಿಗೆ ತೀರ ದೂರವಾಗಿರಲಿಲ್ಲ.

ಆದರೂ ಅವು ಬಿಟ್ಟುಕೊಟ್ಟದ್ದು ಬಹಳ. ಅಂದಿನ ಪ್ಯಾರಿಸಿನಲ್ಲಿ ಸಿರಿವಂತ ಪ್ರೇಕ್ಷಕರು ರಂಗದ ಮೇಲೆಯೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು; ಆ ಪದ್ಧತಿ ನಿಂತದ್ದು 1759ರಲ್ಲಿ. ಹಾಗೆ ಕುಳಿತು ಗದ್ದಲವೆಬ್ಬಿಸುವವನೊಬ್ಬನನ್ನು ಮೋಲಿಯೇರ್ ತನ್ನ 1661ರ 'ಲೆ ಫಾಶೋ' ಪ್ರಹಸನದ ಆರಂಭದಲ್ಲಿಯೇ ಗೇಲಿ ಮಾಡಿದ್ದಾನೆ. 'ತಾರ್ತುಫ್' ಚಿತ್ರದಲ್ಲಿ ಅಂಥವರ ಸುಳಿವೂ ಇಲ್ಲ. ಪುಸ್ತಕ ಕೊಂಡವನು ಏಕಾಂತದಲ್ಲಿ ನೋಡಲೆಂದು ಮಾಡಿದ ರಂಗವದು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಲಂಡನ್ನಿನಲ್ಲಿ 1662ರಲ್ಲಿ ಅಚ್ಚಾದ 'ದಿ ವಿಟ್ಸ್' ಎಂಬ ಕಿರುಪ್ರಹಸನಗಳ ಸಂಕಲನದ ಆರಂಭದ ಚಿತ್ರದಲ್ಲಿ ಪ್ರೇಕ್ಷಕರಿದ್ದಾರೆ, ತೂಗುದೀಪಗಳಿವೆ, ರಂಗದ ಅಂಚಿನಲ್ಲಿ ದೀಪಗಳ ಸಾಲಿದೆ. ಇದು ರೆಡ್ ಬುಲ್ ನಾಟಕಶಾಲೆಯೆಂದು ಬಹುಕಾಲ ನಂಬಲಾಗಿತ್ತು. ಆದರೆ ರೆಡ್ ಬುಲ್ ಹಗಲು ಬೆಳಕಿನ ಬಯಲು ರಂಗಮಂದಿರ. ಅಲ್ಲಿ ಇಷ್ಟು ದೀಪಗಳಿಗೇನು ಕೆಲಸ? ಮೇಲಾಗಿ ಫಾಲ್‌ಸ್ಟಾಫನ ಜೊತೆಗೆ ಬೇರೆ ಬೇರೆ ನಾಟಕಗಳ ಪಾತ್ರಗಳು ಒಂದೇ ವೇದಿಕೆಯ ಮೇಲೆ ನೆರೆದಿವೆ. ಅಂಥ ಪ್ರದರ್ಶನ ಎಲ್ಲಿಯೂ ನಡೆದದ್ದಲ್ಲ. ಅದು ಪುಸ್ತಕದ ಪರಿವಿಡಿಯೇ ಚಿತ್ರರೂಪ ತಾಳಿದಂತಿದೆ.

ಕನ್ನಡ ವಿಭಾಗಕ್ಕೆ ಈ ಚರ್ಚೆ ಏಕೆ ಎಂದು ಕೇಳುವವರಿಗೆ ಉತ್ತರ ನಮ್ಮ ಕಪಾಟಿನಲ್ಲಿಯೇ ಇದೆ. ಎ. ಎನ್. ಮೂರ್ತಿರಾವ್ ಅವರ 'ಆಷಾಢಭೂತಿ' ಇದೇ 'ತಾರ್ತುಫ್'ನ ಕನ್ನಡ ರೂಪಾಂತರ. ಪಂಚತಂತ್ರದಿಂದ ಬಂದ ಆ ಹೆಸರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಡಾಂಭಿಕನಿಗೆ ಪರ್ಯಾಯಪದವಾಗಿದೆ. ಮರಾಠಿಯಲ್ಲಿ ಆಚಾರ್ಯ ಅತ್ರೆಯವರು ಮೋಲಿಯೇರನ ಜಿಪುಣನನ್ನು 'ಕವಡೀಚುಂಬಕ'ನನ್ನಾಗಿ ಮಾಡಿದರು. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ಗಡಿನಾಡಿನ ನಮಗೆ ಮೋಲಿಯೇರ್ ಎರಡು ಬಾಗಿಲಿನಿಂದ ಮನೆಗೆ ಬಂದ ನೆಂಟ. ಆದರೂ ತರಗತಿಯಲ್ಲಿ ನಾವು ಪ್ರಹಸನವನ್ನು ಪಾತ್ರಚಿತ್ರಣ, ಸಾರಾಂಶ, ಹತ್ತು ಅಂಕಗಳ ಪ್ರಶ್ನೆ ಎಂದು ಮುಗಿಸಿಬಿಡುತ್ತೇವೆ. ನಗೆನಾಟಕವೊಂದನ್ನು ರಂಗದ ಮೇಲೆ ಒಮ್ಮೆಯೂ ನೋಡದೆ ಪದವಿ ಪಡೆಯುವ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ನಗು ಎಲ್ಲಿ ಹುಟ್ಟುತ್ತದೆಂಬುದು ಅವರಿಗೆ ತಿಳಿಯುವ ಬಗೆ ಹೇಗೆ?

ಬರುವ ಸತ್ರದಲ್ಲಿ ಬ್ರಿಸ್ಸಾರನ ಚಿತ್ರದ ಪ್ರತಿಯೊಂದನ್ನು ತರಗತಿಗೆ ತಂದು ನಾಟಕದ ಪಕ್ಕದಲ್ಲಿಡೋಣವೆಂದು ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ. ತರಗತಿಯ ಮೇಜಿಗೊಂದು ಬಟ್ಟೆ ಹೊದಿಸಿ, ಅದರ ಕೆಳಗೆ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ, ಆ ಬಟ್ಟೆ ಯಾವ ಮಾತಿಗೆ, ಎಷ್ಟನೆಯ ಕೆಮ್ಮಿಗೆ ಅಲುಗಬೇಕೆಂದು ಉಳಿದವರನ್ನು ಕೇಳೋಣ.