ಕೌದಿ ಒತ್ತಿದರೆ ಭಾರ ಇಳಿಯುತ್ತಾ?

ಸುಮ್ಮನಿರೋಣ ಅಂದ್ಕೊಂಡಿದ್ದೆ, ಆಗಲಿಲ್ಲ...

"ಅಣುಸ್ಥಾವರದ ಕಸವನ್ನ ಯಂತ್ರದಲ್ಲಿ ಒತ್ತಿ ಐದನೇ ಒಂದು ಪಾಲಿಗೆ ಇಳಿಸಬಹುದು, ಇನ್ನೇನು ಚಿಂತೆ?" ಅನ್ನೋ ವಾದ ಆಗಾಗ ಕಿವಿಗೆ ಬೀಳುತ್ತೆ. ಹಳ್ಳಿಖೇಡದ ನಮ್ಮ ಮನೇಲಿ ಚಳಿ ಮುಗಿದ ಮೇಲೆ ಅವ್ವ ಕೌದಿಗಳನ್ನ ಟ್ರಂಕಿಗೆ ತುಂಬ್ತಿದ್ದಳು. ನಾನು ಮುಚ್ಚಳದ ಮೇಲೆ ಕೂತು ಒತ್ತಬೇಕು, ಅವ್ವ ಚಿಲಕ ಹಾಕಬೇಕು. ಐದು ಕೌದಿ ಒಂದೇ ಟ್ರಂಕಿನಲ್ಲಿ! ಎತ್ತೋಕೆ ಹೋದಾಗ ಗೊತ್ತಾಗ್ತಿತ್ತು, ಭಾರ ಎಳ್ಳಷ್ಟೂ ಇಳಿದಿಲ್ಲ ಅಂತ.

ಬೀದರ ಜಿಲ್ಲೆಯವನಿಗೆ ಕಾರವಾರದ ಕಡೆಯ ಕೈಗಾ ಚಿಂತೆ ಯಾಕೆ ಅನ್ನಬೇಡಿ, ಕರೆಂಟು ಬರೋದು ಒಂದೇ ಜಾಲದಿಂದ. ಅಲ್ಲಿ 220 ಮೆಗಾವ್ಯಾಟಿನ 4 ಘಟಕಗಳಿವೆ, ತಲಾ 700ರ ಇನ್ನೆರಡು ಬರಲಿವೆ. ಇಂಥ ಸ್ಥಾವರಗಳಲ್ಲಿ ಒತ್ತೋದು ಕೈಗವಸು, ಒರೆಸಿದ ಬಟ್ಟೆ, ಪ್ಲಾಸ್ಟಿಕ್ಕು, ಕಾಗದದಂಥ ಕಸವನ್ನ. ಅದರಲ್ಲಿ ಗಾಳಿಯೇ ಜಾಸ್ತಿ. ಒತ್ತಿದರೆ ಡ್ರಮ್ಮು ಕಡಿಮೆ ಸಾಕು, ಹೂಳೋ ಕಂದಕದಲ್ಲಿ ಜಾಗ ಉಳಿಯುತ್ತೆ. ಒಳ್ಳೇದೇ, ಒತ್ತಬೇಡಿ ಅಂತ ನಾನು ಹೇಳ್ತಿಲ್ಲ. ಆದರೆ ವಿಕಿರಣವನ್ನ ಅಳೆಯೋದು ಬೆಕೆರೆಲ್ ಲೆಕ್ಕದಲ್ಲಿ. ಎಷ್ಟು ಒತ್ತಿದರೂ ಅದರಲ್ಲಿ ಒಂದೂ ಕಮ್ಮಿ ಆಗಲ್ಲ, ಅಷ್ಟೂ ಚಿಕ್ಕ ಜಾಗದಲ್ಲಿ ಬಂದು ಕೂರುತ್ತೆ. ಇನ್ನು ನಿಜವಾಗಿ ಉಗ್ರವಾದ ಉರಿದ ಇಂಧನ ಈ ಯಂತ್ರದ ಹತ್ತಿರವೂ ಬರಲ್ಲ.

ಸೀಸಿಯಂ-137 ಅರ್ಧಕ್ಕಿಳಿಯೋಕೆ ಸುಮಾರು 30 ವರ್ಷ. ಸಾವಿರದಲ್ಲೊಂದು ಪಾಲಾಗೋಕೆ 300 ವರ್ಷ. ಮುನ್ನೂರು ವರ್ಷದ ಹಿಂದೆ ನಮ್ಮ ಬೀದರ ಆಗಷ್ಟೇ ನಿಜಾಮರ ಕೈಗೆ ಬಂದಿತ್ತು. ಆಮೇಲೆ 1948ರಲ್ಲಿ ಭಾರತ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಕಡತದ ಭಾಷೆ ಫಾರ್ಸಿಯಿಂದ ಉರ್ದುವಿಗೆ, ಉರ್ದುವಿನಿಂದ ಕನ್ನಡಕ್ಕೆ ಬಂತು. ಯಾವ ಕಂದಕದಲ್ಲಿ ಏನಿದೆ ಅನ್ನೋ ಕಡತ ಇಷ್ಟೆಲ್ಲ ದಾಟಿ ಉಳಿಯಬೇಕಲ್ಲ ಸ್ವಾಮಿ? ಅದನ್ನ ಯಾವ ಯಂತ್ರ ಒತ್ತುತ್ತೆ?

2012ರಲ್ಲಿ ಕೂಡಂಕುಳಂ ಕಸ ಕೋಲಾರದ ಚಿನ್ನದ ಗಣಿಗೆ ಬರುತ್ತೆ ಅಂತ ಸುದ್ದಿಯಾದಾಗ ಜನ ಬೀದಿಗಿಳಿದರು. ಆ ಭಯ ಗಾತ್ರದ್ದಲ್ಲ, ತಮಗೆ ಹೇಳದೆ ತಂದಿಡ್ತಾರೆ ಅನ್ನೋದರದ್ದು. ಹಾಗಂತ ಕೈಗವಸನ್ನೂ ಉರಿದ ಇಂಧನವನ್ನೂ ಒಂದೇ ಅಂತ ಹೆದರಿಸೋ ವಿರೋಧಿಗಳೂ ಸರಿಯಿಲ್ಲ. ಲೆಕ್ಕ ಬಯಲಿಗಿದ್ದರೆ ಇಬ್ಬರ ಬಾಯೂ ಮುಚ್ಚುತ್ತೆ.

ನಾನು ಕೇಳೋದು ಇಷ್ಟೇ. ಘನ ಮೀಟರ್ ಹೇಳೋ ಉಸಿರಲ್ಲೇ ಬೆಕೆರೆಲ್ಲನ್ನೂ ಹೇಳಿ. ಯಾವ ಕಂದಕ, ಯಾವ ಧಾತು, ಎಷ್ಟು ವರ್ಷ ಕಾವಲು, ಎಲ್ಲ ಕನ್ನಡದಲ್ಲಿ, ಕಾಳಿ ದಂಡೆಯ ಪಂಚಾಯ್ತಿ ಗೋಡೆ ಮೇಲೆ ಬರೆಸಿ. ಅದಿಲ್ಲದೆ "ಕಸ ಕಡಿಮೆಯಾಯ್ತು" ಅನ್ನೋದು ಟ್ರಂಕಿನ ಮೇಲೆ ಕೂತವನ ಮಾತು. ಎತ್ತೋರನ್ನ ಕೇಳಿ.

ನೀವೇನಂತೀರಿ?