ಗಾಳಿಯೇ ವಿಲನ್ ಆದ ರಸ್ತೆ

ತಿಪಟೂರು ಕಡೆಯ ನಾಲ್ವರು ಗೆಳೆಯರ ಪರವಾಗಿ ಒಬ್ಬರು ಪತ್ರ ಹಾಕಿದ್ದಾರೆ. ಎರಡು ಪುಟದ ಪತ್ರ. ಮೊದಲ ಪುಟದ ತುಂಬ ಹೋದ ಸಂಚಿಕೆಯ ನಡುಪುಟದ ಬಣ್ಣದ ಚಿತ್ರದ ಹೊಗಳಿಕೆ. (ಸಂಪಾದಕರಿಗೆ ತೋರಿಸಿದೆ, ಖುಷಿಪಟ್ಟರು!) ವಿಷಯ ಇರೋದು ಎರಡನೇ ಪುಟದಲ್ಲಿ. ಬರುವ ವರ್ಷ ಇವರು ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ಮೇಲೆ ಹೋಗ್ತಾರಂತೆ. ನಾಲ್ವರಲ್ಲಿ ಮೂವರು ಗಟ್ಟಿ ಆಳುಗಳು. ನಾಲ್ಕನೆಯವನು ನಿಧಾನ. ನಂದಿ ಬೆಟ್ಟ ಹತ್ತುವಾಗ ಮೂರು ಕಡೆ ಇಳಿದು ತಳ್ಳಿದನಂತೆ. "ಸಾರ್, ಅವನನ್ನು ಬಿಟ್ಟು ಹೋಗೋದೇ ವಾಸಿ ಅಲ್ವಾ? ಅವನಿಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು?" ಇದು ಪ್ರಶ್ನೆ.

ಉತ್ತರ ಕೊಡೋಣ, ಆತುರ ಬೇಡ. ಮೊದಲು ಆ ರಸ್ತೆ ಎಂಥದು ಅಂತ ಒಂದು ಸುತ್ತು ನೋಡಿಬರೋಣ.

ಸಿನಿಮಾದಲ್ಲಿ ಸೈಕಲ್ ಹೇಗೆ ಓಡುತ್ತೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ನಾಯಕ ಹತ್ತಿದ, ನಾಯಕಿ ಕ್ಯಾರಿಯರ್ ಮೇಲೆ ಕೂತಳು, ಹಾಡು ಶುರು. ಪಲ್ಲವಿಗೆ ಬೆಟ್ಟದ ಬುಡ, ಚರಣಕ್ಕೆ ಬೆಟ್ಟದ ತುದಿ. ನಡುವೆ ಬೆಟ್ಟ ಹತ್ತಿದವರು ಯಾರು? ಎಡಿಟರ್! 1992ರ 'ಜೋ ಜೀತಾ ವಹೀ ಸಿಕಂದರ್' ಚಿತ್ರದ ಕೊನೆಯಲ್ಲಿ ಆಮಿರ್ ಖಾನ್ ಸೈಕಲ್ ರೇಸು ಗೆದ್ದಾಗ ಸೀಟಿ ಹೊಡೆಯದವರು ಯಾರಿದ್ದಾರೆ? ಅದೇ ಆಮಿರ್ 2009ರ '3 ಈಡಿಯಟ್ಸ್' ಚಿತ್ರದ ಕೊನೆಗೆ ಲಡಾಖ್‌ನ ಪ್ಯಾಂಗಾಂಗ್ ಸರೋವರದ ದಡದಲ್ಲಿ ನಿಂತರು. ಅಲ್ಲಿಂದಾಚೆ ನಮ್ಮ ಹುಡುಗರಿಗೆ ಲಡಾಖ್ ಹುಚ್ಚು. ಅದಕ್ಕೂ ಎಷ್ಟೋ ಮುಂಚೆ, 1964ರಲ್ಲೇ, ಚೇತನ್ ಆನಂದ್ 'ಹಕೀಕತ್' ಚಿತ್ರಕ್ಕಾಗಿ ಕ್ಯಾಮೆರಾ ಹೊತ್ತು ಆ ಬೆಟ್ಟಗಳಿಗೆ ಹೋಗಿದ್ದರು. ಇನ್ನು ಸೈಕಲ್ ವಿಷಯಕ್ಕೆ ಬಂದರೆ, 2021ರಲ್ಲಿ ನಮ್ಮನ್ನಗಲಿದ ಅಪ್ಪು ಅವರಿಗೆ ಸೈಕಲ್ ಅಂದರೆ ಎಷ್ಟು ಪ್ರೀತಿ ಇತ್ತು ಅಂತ ಕನ್ನಡಿಗರಿಗೆಲ್ಲ ಗೊತ್ತು. ಹೀಗಿರುವಾಗ ತಿಪಟೂರಿನ ಹುಡುಗರಿಗೆ ಆಸೆ ಹುಟ್ಟಿದ್ದು ತಪ್ಪಲ್ಲ ಬಿಡಿ.

ಆದರೆ ಒಂದು ಲೆಕ್ಕ ಕೇಳಿ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಯಾವುದು? ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಎತ್ತರ 6,330 ಅಡಿ. ಮನಾಲಿ ಊರೇ ಸುಮಾರು 6,700 ಅಡಿ ಮೇಲಿದೆ! ಅಂದರೆ ನಮ್ಮಲ್ಲಿ ಎಲ್ಲ ಬೆಟ್ಟ ಮುಗಿದ ಮೇಲೆ ಆ ರಸ್ತೆ ಶುರುವಾಗುತ್ತೆ. ಹಳೇ ದಾರಿಯಲ್ಲಿ ಲೇಹ್‌ವರೆಗೆ ಸುಮಾರು 470 ಕಿಲೋಮೀಟರ್. ನಡುವೆ ದೊಡ್ಡ ಕಣಿವೆಗಳು ನಾಲ್ಕೈದು. ಕಣಿವೆ ಅಂದರೆ ಕೆಳಗಿರೋದು ಅಂದ್ಕೋಬೇಡಿ, ಇವು ಬೆಟ್ಟದ ನೆತ್ತಿಯ ಮೇಲಿನ ಬಾಗಿಲುಗಳು. ಅಲ್ಲಿಯವರು 'ಲಾ' ಅಂತಾರೆ. ರೋಹ್ತಾಂಗ್ 13,050 ಅಡಿ. ಬಾರಾಲಾಚಾ ಲಾ 16,000. ಲಾಚುಂಗ್ ಲಾ 16,600. ಕೊನೆಯದು ತಂಗ್ಲಂಗ್ ಲಾ, 17,480 ಅಡಿ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತೆ. ಸೈಕಲ್ಲಿಗೆ ಒಳ್ಳೆಯ ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ.

2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆಯಿತು. ಉದ್ದ 9 ಕಿಲೋಮೀಟರ್. ರೋಹ್ತಾಂಗ್ ಹತ್ತದೆಯೇ ಆ ಕಡೆಗೆ ದಾಟಬಹುದು, 46 ಕಿಲೋಮೀಟರ್ ಉಳಿತಾಯ. ಲಾರಿಯವರಿಗೆ ಹಬ್ಬ. ಸೈಕಲ್ಲಿನವನಿಗೆ ನಾನು ಹೇಳೋದು ಮಾತ್ರ ಬೇರೆ: ರೋಹ್ತಾಂಗ್ ಹತ್ತಿಯೇ ಹೋಗಿ. ಮೈಗೆ ಎತ್ತರದ ಮೊದಲ ಪಾಠ ಅಲ್ಲೇ ಆಗೋದು. ಈಗ ರಸ್ತೆಯ ಬಹುಭಾಗ ಡಾಂಬರು ಕಂಡಿದೆ. ಹಾಗಂತ ನಂಬಿ ಕೂರಬೇಡಿ. ಮಣ್ಣು ಕುಸಿದ ಕಡೆ, ಕೆಲಸ ನಡೆಯುವ ಕಡೆ, ಹಳ್ಳ ಅಡ್ಡ ಹರಿಯುವ ಕಡೆ ಬರೀ ಜಲ್ಲಿಕಲ್ಲು. ಹಳ್ಳಗಳ ಗುಟ್ಟೊಂದು ಗೊತ್ತಿರಲಿ. ಬೆಳಿಗ್ಗೆ ಪಾದ ಮುಳುಗುವಷ್ಟೇ ನೀರು. ಬಿಸಿಲೇರಿ ಮೇಲೆ ಹಿಮ ಕರಗಿದರೆ ಮಧ್ಯಾಹ್ನ ಅದೇ ಹಳ್ಳ ಮೊಣಕಾಲುದ್ದ ಆಗಿ ಮೈಮೇಲೆ ಬರುತ್ತೆ. ಆದ್ದರಿಂದ ಹಳ್ಳ ದಾಟುವ ಕೆಲಸ ಬೆಳಗಿನ ಶೋ, ಮ್ಯಾಟಿನಿಗೆ ಇಟ್ಕೋಬೇಡಿ.

ಇಷ್ಟಾದರೂ ವಿಲನ್ ಇನ್ನೂ ಬಂದೇ ಇಲ್ಲ!

ವಿಲನ್ ಅಂದರೆ ಗಾಳಿ. ಬೀಸುವ ಗಾಳಿಯ ಮಾತಲ್ಲ ಇದು, ಉಸಿರಾಡುವ ಗಾಳಿಯದು. ಮೇಲೆ ಹೋದಷ್ಟೂ ಅದು ತೆಳುವಾಗುತ್ತೆ. ತಂಗ್ಲಂಗ್ ಲಾ ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲ ದಂಡೆಯಲ್ಲಿ ಸಿಗುವುದರ ಅರ್ಧದಷ್ಟು. ಮೈ ಅದಕ್ಕೆ ಒಗ್ಗಿಕೊಳ್ಳೋದಕ್ಕೆ ದಿನಗಳು ಬೇಕು. ಒಗ್ಗುವ ಮೊದಲೇ ಏರಿದಿರೋ, ತಲೆನೋವು, ವಾಕರಿಕೆ, ನಿದ್ದೆ ಇಲ್ಲ, ಅನ್ನ ಸೇರೋಲ್ಲ. ಅದು ಮೊದಲ ಗಂಟೆ. ಆಗಲೂ ಏರುತ್ತಲೇ ಹೋದರೆ ಕೆಲವರಿಗೆ ಮೆದುಳು ಊದಿಕೊಳ್ಳುತ್ತೆ, ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಎರಡೂ ಪ್ರಾಣ ತೆಗೆಯುವ ಕಾಯಿಲೆಗಳೇ.

ಈಗ ಗಮನ ಇಟ್ಟು ಕೇಳಿ. ಈ ವಿಲನ್ ಯಾರ ತೋಳು ಎಷ್ಟು ದಪ್ಪ ಅಂತ ನೋಡೋದಿಲ್ಲ. ಜಿಮ್‌ಗೆ ಹೋದವನು, ಕಬಡ್ಡಿ ಆಡಿದವನು, ದಿನಾ ಹತ್ತು ಮೈಲಿ ಓಡುವವನು, ಯಾರಿಗೂ ರಿಯಾಯಿತಿ ಇಲ್ಲ. ಮೈ ಗಟ್ಟಿ ಇದ್ದರೆ ಈ ಕಾಯಿಲೆ ಬರೋಲ್ಲ ಅನ್ನೋದು ಸುಳ್ಳು ಅಂತ ವೈದ್ಯರೇ ಹೇಳ್ತಾರೆ. ಗಟ್ಟಿ ಆಳಿಗೇ ಅಪಾಯ ಒಂದು ಕೈ ಹೆಚ್ಚು. ಯಾಕೆಂದರೆ ಅವನು ಬೇಗ ಏರ್ತಾನೆ. ಏರಿದ ಮೇಲೆ ತಲೆ ಸಿಡಿಯುತ್ತಿದ್ದರೂ ಬಾಯಿ ಬಿಡೋಲ್ಲ. ಹೀರೋ ನೋಡಿ!

ನಾನು 2017ರ ಆಗಸ್ಟ್‌ನಲ್ಲಿ ಈ ರಸ್ತೆಗೆ ಹೋದೆ. ನಾವೂ ನಾಲ್ವರೇ. ನಮ್ಮಲ್ಲೂ ಒಬ್ಬ ನಿಧಾನಿ ಇದ್ದ, ಬ್ಯಾಂಕಿನ ಗುಮಾಸ್ತ, ಸ್ವಲ್ಪ ಹೊಟ್ಟೆ ಬೇರೆ. ಒಬ್ಬ ಭೀಮನೂ ಇದ್ದ, ಊರಿನ ವ್ಯಾಯಾಮಶಾಲೆಯ ಹೆಮ್ಮೆ. ಬಾರಾಲಾಚಾ ದಾಟಿ ಸರ್ಚು ಸೇರಿದ್ದು ಮಧ್ಯಾಹ್ನ ಮೂರಕ್ಕೆ. ಸರ್ಚು ಅಂದರೆ ಊರಲ್ಲ, 14,000 ಅಡಿ ಎತ್ತರದ ಬಯಲಿನಲ್ಲಿ ಡೇರೆಗಳ ಸಾಲು. ಭೀಮ ನಮಗಿಂತ ಒಂದು ಗಂಟೆ ಮೊದಲೇ ಬಂದು ಕೂತಿದ್ದ. ಗುಮಾಸ್ತ ಕೊನೆಗೆ ಬಂದ. ಬಂದವನು ಚಹಾ ಕುಡಿಯುತ್ತ ಭೀಮನ ತಟ್ಟೆ ನೋಡಿದ. ಅನ್ನ ಹಾಗೇ ಇತ್ತು. "ಯಾಕೋ?" ಅಂದ. "ಏನಿಲ್ಲ ಮಾರಾಯ, ಹಸಿವಿಲ್ಲ" ಅಂದ ಭೀಮ. ಸ್ವಲ್ಪ ಹೊತ್ತಾದ ಮೇಲೆ ಶೂ ಲೇಸು ಕಟ್ಟಿಕೊಳ್ಳೋದಕ್ಕೆ ಹೋದ ಭೀಮ ಮೂರು ಸಲ ತಪ್ಪಿದ. ನಾವಿಬ್ಬರು ಸುಸ್ತು ಅಂದುಕೊಂಡು ನಕ್ಕೆವು. ಗುಮಾಸ್ತ ನಗಲಿಲ್ಲ. ಎದ್ದು ನಿಂತು, ನೆಲದ ಮೇಲೆ ಕಡ್ಡಿಯಿಂದ ಒಂದು ಗೆರೆ ಎಳೆದು, "ಇದರ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡಿ" ಅಂದ. ಭೀಮ ರೇಗಿದ. ಆಮೇಲೆ ನಡೆದ. ನಾಲ್ಕನೇ ಹೆಜ್ಜೆಗೆ ಕುಡಿದವನ ಹಾಗೆ ವಾಲಿ ಡೇರೆಯ ಹಗ್ಗ ಹಿಡಿದುಕೊಂಡ.

ಅದೇ ಪರೀಕ್ಷೆ. ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ ಮೆದುಳಿಗೆ ಏಟು ಬೀಳ್ತಿದೆ ಅಂತ ಅರ್ಥ. ತಡಮಾಡದೆ ಇಳಿಸಬೇಕು. ಆದರೆ ಸರ್ಚುವಿನಿಂದ ಇಳಿಯೋದು ಎಲ್ಲಿಗೆ? ಈ ಕಡೆ ಬಾರಾಲಾಚಾ, ಆ ಕಡೆ ಲಾಚುಂಗ್. ಇಳಿಯಬೇಕಾದರೂ ಮೊದಲು ಹತ್ತಲೇಬೇಕು! ಈ ರಸ್ತೆಯ ನಿಜವಾದ ಬೋನು ಇದು. ಲೇಹ್ ಕಡೆಯಿಂದ ಬಂದ ಒಂದು ಲಾರಿಗೆ ಕೈ ಅಡ್ಡ ಹಾಕಿದೆವು. ಸರ್ದಾರ್ಜಿ ಡ್ರೈವರು ಒಂದು ಮಾತೂ ಕೇಳದೆ ಬಾಗಿಲು ತೆಗೆದ. ಸೈಕಲ್ಲುಗಳು ಹಿಂದೆ, ನಾವು ಮುಂದೆ, ಭೀಮನ ತಲೆ ಗುಮಾಸ್ತನ ತೊಡೆಯ ಮೇಲೆ. ಬಾರಾಲಾಚಾ ನೆತ್ತಿಯಲ್ಲಿ ಅವನ ತುಟಿ ನೀಲಿ. ನಾವು ಹೆಸರು ಹಿಡಿದು ಕೂಗ್ತಾನೇ ಇದ್ದೆವು, ಅವನು ಒಂದಕ್ಕೂ ಓಗೊಡಲಿಲ್ಲ. ಆ ಒಂದೂವರೆ ಗಂಟೆ ನನಗೆ ಇವತ್ತಿಗೂ ಬೇಡ. ದಾರ್ಚಾ ಸಮೀಪಿಸಿದಾಗ ಅವನೇ "ನೀರು" ಅಂದ. ಕೇಲಾಂಗ್‌ನಲ್ಲಿ ಆಮ್ಲಜನಕ ಕೊಟ್ಟರು, ಮೂರನೇ ದಿನ ಎದ್ದು ಓಡಾಡಿದ. ಡ್ರೈವರಿಗೆ ದುಡ್ಡು ಕೊಡಲು ಹೋದರೆ ಬೈದು ಕಳಿಸಿದ್ದ.

ಆ ವರ್ಷದ ಸವಾರಿ ಅಲ್ಲಿಗೇ ಬಂದ್. 2018ರಲ್ಲಿ ಅದೇ ನಾಲ್ವರು ಮತ್ತೆ ಹೊರಟೆವು. ಈ ಸಲ ಮುಂದೆ ಗುಮಾಸ್ತ, ಹಿಂದೆ ನಾವೆಲ್ಲ. ಅವನನ್ನು ಯಾರೂ ಹಿಂದೆ ಹಾಕುವಂತಿಲ್ಲ ಅಂತ ಕರಾರು. ಜಿಸ್ಪಾದಲ್ಲಿ ಎರಡು ರಾತ್ರಿ, ಪಟ್ಸಿಯೋದಲ್ಲಿ ಒಂದು, ಜಿಂಗ್‌ಜಿಂಗ್‌ಬಾರ್‌ನಲ್ಲಿ ಎರಡು. ಹತ್ತು ಸಾವಿರ ಅಡಿ ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ ಸುಮಾರು ಒಂದೂವರೆ ಸಾವಿರ ಅಡಿಗಿಂತ ಹೆಚ್ಚು ಎತ್ತರದಲ್ಲಿ ಮಲಗಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಪೂರ್ತಿ ವಿಶ್ರಾಂತಿ. ಇದು ಎತ್ತರದ ವೈದ್ಯರ ಲೆಕ್ಕ. ಹಗಲು ಎಷ್ಟಾದರೂ ಹತ್ತಿ, ಮಲಗೋದಕ್ಕೆ ಕೆಳಗೆ ಬನ್ನಿ. ತಲೆನೋವು ಬಂದರೆ ಅಲ್ಲೇ ನಿಲ್ಲಿ, ಹೆಚ್ಚಾದರೆ ಇಳೀರಿ. ಡಯಮಾಕ್ಸ್ ಅನ್ನೋ ಮಾತ್ರೆ ಇದೆ, ಆದರೆ ಊರಲ್ಲೇ ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಸಲ್ಫಾ ಒಗ್ಗದವರು ಹೇಳಲೇಬೇಕು. ಎಣ್ಣೆ ಮಾತ್ರ ಲೇಹ್ ಸೇರಿದ ಮೇಲೂ ಬೇಡ. (ಕೆಲವರಿಗೆ ಈ ಸಾಲು ಇಷ್ಟವಾಗೋಲ್ಲ, ಗೊತ್ತು.)

ಸರ್ಚು ದಾಟಿದರೆ ಗಾಟಾ ಲೂಪ್ಸ್. ಒಂದೇ ಗುಡ್ಡದ ಮೈಮೇಲೆ 21 ತಿರುವು. ನಮ್ಮ ಆಗುಂಬೆಗೆ 14. ಇಲ್ಲಿ ಸೈಕಲ್ ಓಡುವ ವೇಗ ಗಂಟೆಗೆ ಐದು ಕಿಲೋಮೀಟರ್, ಪಕ್ಕದಲ್ಲಿ ನಡೆಯುವವನು ಮಾತಾಡಿಸಿಕೊಂಡು ಬರಬಹುದು. ಮುಂದೆ ಅತಿ ಸಣ್ಣ ಹಲ್ಲಿನ ಚಕ್ರ, ಹಿಂದೆ ಅತಿ ದೊಡ್ಡದು, ಅಷ್ಟಿದ್ದರೂ ಮೂರು ತಿರುವಿಗೊಮ್ಮೆ ಇಳಿದು ಹ್ಯಾಂಡಲ್ ಮೇಲೆ ತಲೆ ಇಟ್ಟು ನಿಲ್ಲಬೇಕು. ದಾರಿಯಲ್ಲೊಂದು ದೆವ್ವದ ಗುಡಿ. ಹಿಮದಲ್ಲಿ ಕೆಟ್ಟುನಿಂತ ಲಾರಿಯನ್ನು ಕಾಯುತ್ತ ಒಬ್ಬನೇ ಉಳಿದ ಕ್ಲೀನರ್ ಹುಡುಗ ಸತ್ತನಂತೆ, ಈಗಲೂ ನೀರು ಕೇಳ್ತಾನಂತೆ. ಹೋಗುವವರೆಲ್ಲ ಅಲ್ಲಿ ನೀರಿನ ಬಾಟಲಿ ಇಟ್ಟು ಹೋಗ್ತಾರೆ. ಕಥೆ ನಿಜವೋ ಸುಳ್ಳೋ, ಆ ಬಾಟಲಿ ರಾಶಿ ನೋಡಿದರೆ ಗಂಟಲು ಕಟ್ಟುತ್ತೆ. ಭೀಮನೂ ಒಂದು ಇಟ್ಟ.

ಲಾಚುಂಗ್ ಲಾ ಇಳಿದರೆ ಪಾಂಗ್. ಅದಾದ ಮೇಲೆ ಮೋರೆ ಬಯಲು, 40 ಕಿಲೋಮೀಟರ್ ಹೆಚ್ಚುಕಡಿಮೆ ಮಟ್ಟಸ. ಹದಿನೈದು ಸಾವಿರ ಅಡಿಗೂ ಮೇಲೆ ದಾವಣಗೆರೆ ಬಯಲಿನಂಥ ಬಯಲು! ಬೆಳಿಗ್ಗೆ ಹಾಡು ಹೇಳಿಕೊಂಡು ಹೋಗಬಹುದು, ಮಧ್ಯಾಹ್ನದ ಎದುರುಗಾಳಿಗೆ ಸಿಕ್ಕಿದಿರೋ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು.

ತಂಗ್ಲಂಗ್ ಲಾ ತುದಿಯಲ್ಲಿ ಬೋರ್ಡು. ಎಷ್ಟೋ ವರ್ಷ ಅದರಲ್ಲಿ 17,582 ಅಡಿ ಅಂತ ಬರೆದಿತ್ತು. ಲೇಹ್‌ನಿಂದಾಚೆ ಖರ್ದುಂಗ್ ಲಾದ ಬೋರ್ಡಿನಲ್ಲಿ 18,380. ಉಪಕರಣ ಇಟ್ಟು ಅಳೆದರೆ ಖರ್ದುಂಗ್ ಲಾ ಇರೋದೇ 17,582! ನಮ್ಮ ನಿರ್ಮಾಪಕರ 'ಭರ್ಜರಿ 100ನೇ ದಿನ' ಪೋಸ್ಟರಿಗೆ ಅಲ್ಲೂ ತಮ್ಮಂದಿರಿದ್ದಾರೆ ಅನ್ನಿ. ಅಲ್ಲಿಂದ ರುಮ್ಟ್ಸೆವರೆಗೆ ಬರೀ ಇಳಿತ. ಬ್ರೇಕ್ ರಬ್ಬರು ಹೊಸದಿರಲಿ, ಎರಡು ಜೊತೆ ಹೆಚ್ಚಿಗೆ ಇರಲಿ. ದಿನಗಟ್ಟಲೆ ಹಸಿರು ಕಾಣದ ಕಣ್ಣಿಗೆ ರುಮ್ಟ್ಸೆಯ ಬಾರ್ಲಿ ಗದ್ದೆ ಕಂಡಾಗ ಗುಮಾಸ್ತ ಸೈಕಲ್ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟ. ಅವನು ಏಳುವವರೆಗೆ ನಾವು ಕಾದೆವು.

ಒಬ್ಬರೇ ಹೋದವರಿಲ್ಲವೇ ಅಂತ ಕೇಳಬಹುದು. ಇದ್ದಾರೆ. ಐರ್ಲೆಂಡಿನ ಡರ್ವ್ಲಾ ಮರ್ಫಿ ಅನ್ನೋ ಹೆಣ್ಣುಮಗಳು 1963ರಲ್ಲಿ ಯೂರೋಪಿನಿಂದ ಭಾರತಕ್ಕೆ ಒಬ್ಬಳೇ ಸೈಕಲ್ ತುಳಿದು ಬಂದಳು. ಅದೇ ಮಹಾತಾಯಿ ಆಮೇಲೆ ತನ್ನ ಐದು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಕೊಡಗಿಗೂ ಬಂದು ಪುಸ್ತಕ ಬರೆದಳು. ಅವಳ ಗುಂಡಿಗೆ ಅವಳದು. ನಮಗೆ ನಿಮಗೆ ಜೊತೆಗೊಬ್ಬ ಗುಮಾಸ್ತ ಬೇಕು.

ಇನ್ನು ತಿಪಟೂರಿನ ಗೆಳೆಯರಿಗೆ ನೇರ ಮಾತು. ನಾಲ್ಕನೆಯವನನ್ನು ಬಿಡಬೇಡಿ. ಅವನನ್ನೇ ಮುಂದೆ ಹಾಕಿ. ಹತ್ತು ದಿನ ಅಂತ ಬರೆದಿದ್ದೀರಿ, ಹದಿನೈದು ಇಟ್ಕೊಳ್ಳಿ. ಐದು ದಿನದ ರಜ ಸಿಗದಿದ್ದರೆ ಈ ವರ್ಷ ಬೇಡ, ಚಾರ್ಮಾಡಿ ಹತ್ತಿ ಇಳೀರಿ, ಅದೂ ಚೆನ್ನಾಗಿದೆ. ಟ್ಯೂಬು ತಲೆಗೆ ಮೂರು, ಕಡ್ಡಿ ಹತ್ತು, ಚೈನಿನ ಕೊಂಡಿ, ಪಂಕ್ಚರ್ ಸಾಮಾನು ಹೊಂದಿಸಿಕೊಳ್ಳಿ. ದಾರ್ಚಾ ದಾಟಿದರೆ ಸೈಕಲ್ ಶಾಪು ಅಂತ ಇರೋದಿಲ್ಲ, ರಿಮ್ಮಿನ ಬೆಂಡು ತೆಗೆಯೋದು ನಾಲ್ವರಲ್ಲಿ ಒಬ್ಬರಾದರೂ ಕಲಿತಿರಬೇಕು. ಲೇಹ್‌ನಿಂದ ಸೈಕಲ್ ವಾಪಸ್ಸು ತರೋದು ಹೇಗೆ ಅಂತಲೂ ಕೇಳಿದ್ದೀರಿ. ಬಿಚ್ಚಿ ರಟ್ಟಿನ ಡಬ್ಬಿಗೆ ತುಂಬಿದರೆ ವಿಮಾನದಲ್ಲಿ ಬರುತ್ತೆ, ಇಲ್ಲವೇ ಬಸ್ಸಿನ ಟಾಪಿಗೆ ಕಟ್ಟಿಸಿ. ಹಗ್ಗ ನಿಮ್ಮದೇ ಒಯ್ಯಿರಿ.

ಹೊರಡುವ ಮುಂಚೆ ನನಗೊಂದು ಕಾರ್ಡು ಹಾಕಿ. ನಾಲ್ಕು ಹೆಸರೂ ಬರೆದಿರಲಿ.